ಉರಾಬೆ ಕಿನ್ಸಾಕುವಿನ ನಾಲ್ಕನೆಯ ಹಾಳೆ

ಕಿನ್ಸಾಕು ತೀರಿಹೋಗಿ ನಿನ್ನೆಗೆ ನಲವತ್ತೊಂಬತ್ತು ದಿನ. ಸತ್ತವರಿಗೆ ಆ ದಿನ ಮಾಡುವ ಪೂಜೆ ಮುಗಿದ ಮೇಲೆ ಅವನ ಹೆಂಡತಿ ತೊಮೆ ಒಂದು ಕಟ್ಟು ಕಾಗದ ನನ್ನ ಕೈಗಿತ್ತಳು. ಅದರಲ್ಲಿ ಮೂರು ಹಾಳೆಗಳ ಮೇಲಿನ ಕೆಂಪು ಸುತ್ತುಗಳು ನನ್ನವೇ.

ಕಾಗದದ ಕಾರ್ಖಾನೆಯಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷ ಇದ್ದೆವು. ಅವನ ಕೆಲಸ ಮರದ ಚೂರು ಸುರಿಯುವ ಗುಂಡಿಯ ಮೇಲೆ ಓಡಾಡುವ, ಎರಡೂ ಬದಿಗೆ ಹಿಡಿಕಂಬಿಯಿದ್ದ ಹಲಗೆಯಲ್ಲಿ, ನನ್ನದು ಕೆಳಗೆ ಕಚೇರಿಯಲ್ಲಿ. ಕೆಲಸಗಾರರೆಲ್ಲ ತಿಂಗಳಿಗೊಂದು ಸಲಹೆ ಬರೆದುಕೊಡಬೇಕು. ಅಕ್ಷರ ತಪ್ಪಿದ್ದರೆ ಹಾಳೆ ಮೇಲೆ ಮುಖ್ಯಸ್ಥರಿಗೆ ಹೋಗುವುದಿಲ್ಲ. ಬರೆದವನೇ ತನ್ನ ಕೈಯಿಂದ ಮತ್ತೆ ಬರೆಯಬೇಕು. ತಪ್ಪು ಹುಡುಕಿ ಕೆಂಪು ಸುತ್ತು ಹಾಕುವವನು ನಾನು.

ಕಿನ್ಸಾಕು ಹದಿಮೂರಕ್ಕೆ ಶಾಲೆ ಬಿಟ್ಟು ಏಡಿ ಹಿಡಿಯುವ ದೋಣಿ ಹತ್ತಿದವನು. ಯಂತ್ರದ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಎಂದು ಹೇಳುತ್ತಿದ್ದ. ಬರೆಯಲು ಕೂತರೆ ಬೆವರುತ್ತಿದ್ದ. ಸೆಪ್ಟೆಂಬರಿನಲ್ಲಿ ಕಂಬಿಯ ಬಗ್ಗೆ ಮೊದಲ ಹಾಳೆ ಕೊಟ್ಟ: ಗುಂಡಿಯ ಮೇಲಿನ ಕಂಬಿಯ ಬುಡವನ್ನು ತುಕ್ಕು ಒಳಗಿನಿಂದ ತಿಂದಿದೆ, ಹಿಡಿದರೆ ಅಲುಗುತ್ತದೆ, ಕತ್ತರಿಸಿ ಹೊಸದು ಬೆಸೆಯಬೇಕು. ಹನ್ನೊಂದು ತಪ್ಪು.

"ಹನ್ನೊಂದಾ? ಹೋದ್ಸಲ ಒಂಬತ್ತಿತ್ತು. ವಯಸ್ಸಾದ ಹಾಗೆ ಬೆಳೀತಾ ಇದೀನಿ ನೋಡು," ಎಂದು ನಕ್ಕ.

"ತಮಾಷೆ ಸಾಕು, ಕಿನ್-ಸಾನ್. ಹೀಗೇ ಕಳಿಸಿದ್ರೆ ಮುಖ್ಯಸ್ಥರು, ಹಾಳೆನೇ ನೆಟ್ಟಗೆ ನೋಡದೋನು ಕಂಬಿ ಏನು ನೋಡಿರ್ತಾನೆ ಅಂತಾರೆ."

"ಹಂಗಾದ್ರೆ ನೀನೇ ಹೋಗಿ ಬಾಯಲ್ಲಿ ಹೇಳೋ."

"ಹೇಳ್ದೆ ಕಣೋ. ಹಾಳೆ ಎಲ್ಲಿ ಅಂದ್ರು."

ಅದೇ ಸಲಹೆ ಮತ್ತೆ ಬರೆದಾಗ ಅಕ್ಟೋಬರಿನಲ್ಲಿ ಏಳು ತಪ್ಪು, ನವೆಂಬರಿನಲ್ಲಿ ನಾಲ್ಕು. ಅಷ್ಟರಲ್ಲಿ ಅವನು ದೋಣಿಯ ಹಳೆಯ ಹಗ್ಗ ತಂದು ಕಂಬಿಯ ಆ ಜಾಗಕ್ಕೆ ಅಡ್ಡ ಬಿಗಿದಿದ್ದ. ಹಾದುಹೋಗುವವರಿಗೆಲ್ಲ "ಅಲ್ಲಿ ಕೈ ಇಡಬೇಡ್ರಪ್ಪಾ" ಎನ್ನುತ್ತಿದ್ದ. ಗಾಳಿ ಎದ್ದರೆ ಕಂಬಿ ಕಿರ್ರೆನ್ನುವುದು ನನ್ನ ಕಿಟಕಿಗೂ ಕೇಳುತ್ತಿತ್ತು.

ಡಿಸೆಂಬರಿನ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಇದ್ದದ್ದು ಒಂದೇ ಸಾಲು: ಗುಂಡಿಯ ಮೇಲಿನ ಕಂಬಿಗೆ ಬಣ್ಣ ಹಚ್ಚಬೇಕು.

"ತುಕ್ಕು ಎಲ್ಲಿ ಹೋಯ್ತೋ?"

"ಆ ಅಕ್ಷರ ನನ್ನ ಕೈಗೆ ಹತ್ತಲ್ಲ ಮಾರಾಯಾ. ಬಣ್ಣ ಅಂತ ಬರೆಯೋಕೆ ಬರುತ್ತೆ. ಹಚ್ಚೋರು ಮೊದ್ಲು ಕೆರೀತಾರಲ್ಲ, ಆಗ ಅವರ ಕಣ್ಣಿಗೇ ಬೀಳುತ್ತೆ ಬಿಡು."

ಆ ಸಾಲನ್ನು ಎರಡು ಸಲ ಓದಿದೆ. ಆದರೂ ಮೊಹರು ಒತ್ತಿದೆ. ಮುಖ್ಯಸ್ಥರು ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಸಲಹೆ ಹೀಗಿರಬೇಕು ಎಂದರು.

ಟೋಕಿಯೋದಿಂದ ದೊಡ್ಡವರು ಬರುವ ಹಿಂದಿನ ದಿನ ಬಣ್ಣದವರು ಬಂದರು. ಹಗ್ಗ ಬಿಚ್ಚಿ ಮೂಲೆಗೆಸೆದರು. ಹೊತ್ತಿಲ್ಲವೆಂದು ಕೆರೆಯದೆ ಹಳದಿ ಬಳಿದು ಹೋದರು.

"ದೊಡ್ಡೋರು ಹೋಗ್ಲಿ, ಹಗ್ಗ ಮತ್ತೆ ಕಟ್ತೀನಿ," ಎಂದ ಕಿನ್ಸಾಕು.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಹಿಮ ಕಲ್ಲಾಗಿತ್ತು. ಅವನ ಕಾಲು ಜಾರಿತು. ಆ ಕಂಬಿಯನ್ನು ನಂಬಬಾರದೆಂದು ಅವನಷ್ಟು ಬಲ್ಲವರಿರಲಿಲ್ಲ. ಬೀಳುವಾಗ ಕೈ ಯಾರ ಮಾತನ್ನೂ ಕೇಳುವುದಿಲ್ಲ. ಅದನ್ನೇ ಹಿಡಿದು, ಕಂಬಿಯೊಂದಿಗೇ ಗುಂಡಿಗೆ ಹೋದ.

ಆ ಬದಿಗೆ ಈಗ ಹೊಸ ಕಂಬಿ ಬಂದಿದೆ. ಎದುರು ಬದಿಯದು ಹಳೆಯದೇ, ಮೇಲೆ ಅದೇ ಹಳದಿ. ನಿನ್ನೆ ರಾತ್ರಿ ಸೆಪ್ಟೆಂಬರಿನ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಹನ್ನೊಂದು ತಪ್ಪು ಇದ್ದೇ ಇವೆ. ಅರ್ಥವಾಗದ ಮಾತು ಒಂದೂ ಇಲ್ಲ. ಬೆಳಿಗ್ಗೆ ಅದರಡಿ "ಎದುರು ಬದಿಗೂ ಇದೇ" ಎಂದಷ್ಟೇ ಸೇರಿಸಿ ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

ಮಧ್ಯಾಹ್ನಕ್ಕೆ ಅದು ಮರಳಿ ಬಂತು. ಅಂಚಿನಲ್ಲಿ ಮುಖ್ಯಸ್ಥರ ಅಂದವಾದ ಕೈಬರಹ: ನಿಮ್ಮ ಹೆಸರಿನಲ್ಲಿ ಶುದ್ಧ ಪ್ರತಿ ಕೊಡಿ.

ಹೊರಗೆ ಗಾಳಿ ಎದ್ದಿದೆ. ಎದುರು ಬದಿಯ ಕಂಬಿ ಕಿರ್ರೆನ್ನುತ್ತಿದೆ.