ಹಾಲ್ವರ್ ಹೊತ್ತ ಅಣ್ಣನ ಮುಖ

ಹಾಲ್ವರ್ ಮತ್ತು ಟೊರ್ಗೈರ್ ಅವಳಿಗಳು. ನಾರ್ವೆಯ ಕಡಲತಡಿಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ದುಡಿದು ನಿವೃತ್ತರಾದವರು. ಸ್ವಲ್ಪ ಮೊದಲು ಹುಟ್ಟಿದ್ದ ಟೊರ್ಗೈರ್, ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊ ತೆಗೆದುಕೊಂಡರೂ ಉಳಿಯಲಿಲ್ಲ. ಎರಡು ವರ್ಷದ ಮೇಲೆ ಹಾಲ್ವರನಿಗೂ ಅದೇ ಕಾಯಿಲೆ ಬಂತು. ಗೊತ್ತಾಗುವಷ್ಟರಲ್ಲಿ ಅದು ಎಲುಬಿಗೆ ಹರಡಿತ್ತು. ವಾಸಿಯಾಗುವುದಿಲ್ಲ, ಕಿಮೊ ಕೊಟ್ಟರೆ ಕೆಲವು ತಿಂಗಳು ಸಿಗಬಹುದು ಎಂದರು ಡಾಕ್ಟರು.

ಹಾಲ್ವರ್ ಬೇಡವೆಂದ. ಮುಖ ತೊಳೆಯಲು ಕನ್ನಡಿಯ ಮುಂದೆ ನಿಂತಾಗಲೆಲ್ಲ ಅಣ್ಣನ ಬೋಳುತಲೆ, ಗುಳಿಬಿದ್ದ ಕಣ್ಣು ಎದುರಿಗೆ ಬರುತ್ತಿದ್ದವು.

ವಿಷಯ ತಿಳಿದು ಟೊರ್ಗೈರನ ಹೆಂಡತಿ ಗುಡ್ವೈಗ್ ಓಡಿಬಂದಳು.

"ನಿಮ್ಮಣ್ಣ ಪಟ್ಟ ಪಾಡು ನೋಡಿ ಹೆದರ್ಕೊಂಡ್ಯಾ?"

"ಹೂಂ ಅತ್ತಿಗೆ. ನೀವೇ ನೋಡಿದ್ರಲ್ಲ, ವಾಂತಿ ಮಾಡ್ಕೊಂಡೇ ಹೋದ."

"ನೀನು ಬರ್ತಿದ್ದದ್ದು ಬರೀ ಆಸ್ಪತ್ರೆಗೆ. ಮಧ್ಯೆ ಚೆನ್ನಾಗಿದ್ದ ವಾರಗಳಲ್ಲಿ ದೋಣಿಗೆ ಬಣ್ಣ ಹೊಡೆದ, ನನ್ನ ಜೊತೆ ಜಗಳ ಆಡ್ದ. ಆ ದಿನಗಳು ನಂಗೆ ಬೇಕಿತ್ತು ಕಣೋ."

ಹಾಲ್ವರ್ ಎರಡು ದಿನ ಯೋಚಿಸಿ ಒಪ್ಪಿದ. ತಡೆಯಲಾಗದಿದ್ದರೆ ನಿಲ್ಲಿಸಿಬಿಡಬೇಕು ಎಂದು ಡಾಕ್ಟರಿಗೆ ಮೊದಲೇ ಹೇಳಿದ.

ಮೂರನೆಯ ಸಲದ ಕಿಮೊ ಹೊತ್ತಿಗೆ ಕೂದಲೆಲ್ಲ ಉದುರಿತ್ತು. ಮೀನಿನ ಸಾರು ತಂದಿದ್ದ ಗುಡ್ವೈಗ್, ಬಾಗಿಲು ತೆರೆದವನನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಟೊರ್ಗೈರ್..." ಎಂದಳು ಮೆಲ್ಲಗೆ.

ಹಾಲ್ವರ್ ತಿದ್ದಲಿಲ್ಲ. ಅತ್ತಿಗೆ ಎನ್ನಲೂ ಇಲ್ಲ.

"ಒಳಗೆ ಬಾ, ಸಾರು ಆರಿಹೋಗತ್ತೆ," ಎಂದ.

ಅವನು ಬೇಸಿಗೆ ಮುಗಿಯುವವರೆಗೂ ಬದುಕಿದ. ಗುಡ್ವೈಗ್ ವಾರವಾರವೂ ಬಂದಳು. ಬಂದಾಗಲೆಲ್ಲ ಕಿಟಕಿಯ ಕಡೆ ಮುಖ ಮಾಡಿ ಕೂತು, ಗಂಡನದೇ ದನಿಯಲ್ಲಿ ಅವನು ಮಾತಾಡುವುದನ್ನು ಕೇಳಿಸಿಕೊಳ್ಳುತ್ತಿದ್ದಳು.