ದೇವರ ಬಣವೆಯಿಂದ ಒಂದು ತೆಕ್ಕೆ ಸೊಪ್ಪೆ

ಓಬಳಸ್ವಾಮಿಯ ಒಕ್ಕಲಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ದೇವರ ಮೇವು ಕದ್ದವಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಿ ಜೋರು ಅಂತ ಹಟ್ಟಿಯವರೆಲ್ಲ ಅನ್ನುತ್ತಾರೆ, ಆದರೆ ಈ ಒಂದು ಮಾತು ಗಂಟಲಲ್ಲೇ ಹದಿನೈದು ದಿನ ಕೂತಿತ್ತು.

ಎರಡು ಸಾವಿರದ ಮೂರರ ಬೇಸಿಗೆ. ಮೂರು ವರ್ಷದಿಂದ ಮಳೆ ಕೈಕೊಟ್ಟಿತ್ತು. ಶೇಂಗಾ ಬರದೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮ ಯಜಮಾನರು ಬರಿಗೈಲಿ ರಾಂಪುರದ ಬಸ್ಸಿಳಿದು ಮನೆ ಸೇರಿದರು. ಅದೇ ಹೊತ್ತಿಗೆ ಮಗಳು ಕಾಮಕ್ಕನ ಬಾಣಂತನ. ಅವಳಿಗೇ ಹೊಟ್ಟೆಗಿಲ್ಲ, ಇನ್ನು ಕೂಸಿಗೆ ಹಾಲೆಲ್ಲಿ ಬರಬೇಕು?

ಕೂಸನ್ನು ಮೊಳಕಾಲ್ಮೂರಿನ ಆಸ್ಪತ್ರೆಗೆ ಒಯ್ದೆ. "ಮೂರು ತಿಂಗಳಾದ್ರೂ ತೂಕ ಏರಿಲ್ಲಮ್ಮ. ಹೆಂಗಾದ್ರೂ ಹಾಲು ಹೊಂದಿಸಿ," ಅಂದರು ಡಾಕ್ಟರಮ್ಮ. ವಾಪಸು ಬರುವಾಗ ಬಸ್ಸಿನಲ್ಲಿ ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ. ಪಕ್ಕದವರು "ಎಷ್ಟು ಸುಮ್ನೆ ಐತೆ ನೋಡ್ರಿ ಕೂಸು" ಅಂದರು. ಸ್ವಾಮೀ, ಇದೊಂದನ್ನು ಉಳಿಸು ಅಂತ ಸೆರಗೊಡ್ಡಿದೆ.

ಮನೆಯ ಹಸು ಮೇವಿಲ್ಲದೆ ಬತ್ತಿತ್ತು. ಹಟ್ಟಿಯಲ್ಲಿ ಕಣ್ಣಿಗೆ ಕಾಣುವ ಮೇವಿದ್ದದ್ದು ಒಂದೇ ಕಡೆ, ದೇವರ ಬಣವೆಯಲ್ಲಿ. ಸ್ವಾಮಿಯ ಹೆಸರಿಗೆ ಬಿಟ್ಟ ದನಗಳಿಗೆ ಅದು ಮೀಸಲು. ಆ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಅವುಗಳ ಹಾಲು ನಾವು ಕುಡಿಯುವಂತಿಲ್ಲ. ಅವುಗಳನ್ನು ಕಾಯುವ ಕಿಲಾರಿ ನನ್ನ ಒಡಹುಟ್ಟಿದ ಅಣ್ಣ ಪಾಲಯ್ಯ.

ಮಧ್ಯಾಹ್ನ ಅಣ್ಣ ದನಗಳನ್ನು ನೀರಿಗೆ ಹೊಡೆದುಕೊಂಡು ಹೋದಾಗ ಬಣವೆಯ ಹತ್ತಿರ ಹೋದೆ. ಜಾಲಿ ಮುಳ್ಳಿನ ಬೇಲಿ ಒಂದು ಕಡೆ ಸರಿದಿತ್ತು. ಒಂದು ಕಟ್ಟು ಒಣಗಿದ ಜೋಳದ ಸೊಪ್ಪೆ ಬಿಚ್ಚಿಕೊಂಡು ಬಿದ್ದಿತ್ತು. ಸ್ವಾಮಿಯೇ ದಾರಿ ಬಿಟ್ಟ ಅಂದುಕೊಂಡು ಒಂದು ತೆಕ್ಕೆ ಎತ್ತಿಕೊಂಡೆ. ಆಮೇಲೆ ದಿನವೂ ಹೋದೆ. ಹಸು ಒಂದು ಲೋಟ ಹಾಲು ಕೊಟ್ಟಿತು. ಕೂಸು ಅಳಲು ಶುರುಮಾಡಿತು, ಆ ಅಳು ಕೇಳಿ ನಾವು ನಕ್ಕೆವು.

ಹದಿನೈದು ದಿನವಾಗಿತ್ತು. ದೇವರ ದನಗಳ ಮುಂದೆ ನಡೆಯುವ ಬಿಳಿ ಎತ್ತು ಮಲಗಿದ್ದು ಮೇಲೇಳಲಿಲ್ಲ. ಅಣ್ಣ ಅನ್ನ ನೀರು ಬಿಟ್ಟು ಅದರ ಪಕ್ಕ ಕೂತ. ನನ್ನ ಪಾಪ ಎತ್ತಿಗೆ ತಟ್ಟಿತು, ನಾಳೆ ಕೂಸಿಗೂ ತಟ್ಟುತ್ತದೆ ಅಂತ ಹೆದರಿದೆ.

ಸೋಮವಾರ ಬೆಳಿಗ್ಗೆ ಪೂಜಾರಪ್ಪ ಎಲ್ಲರನ್ನೂ ಗುಡಿ ಮುಂದೆ ಸೇರಿಸಿದರು. "ಬಣವೆ ಅರ್ಧಕ್ಕಿಳಿದೈತೆ. ಯಾರು ಕೈ ಹಾಕೀರಿ, ಸ್ವಾಮಿ ಮುಂದೆ ಹೇಳ್ರಿ."

ಅರ್ಧಕ್ಕೆ ಅಂದದ್ದು ಕೇಳಿ ನನಗೇ ದಿಗಿಲಾಯಿತು. ಆದರೂ ಎದ್ದು ನಿಂತೆ. "ನಾನು ರೀ. ಕೂಸಿಗೆ ಹಾಲು ಬೇಕಿತ್ತು. ಏನು ದಂಡ ಹಾಕ್ತೀರೋ ಹಾಕ್ರಿ."

ಪಕ್ಕದ ಮನೆ ಮುದುಕಿ ತಿಪ್ಪಮ್ಮ ಕೋಲೂರಿ ಎದ್ದಳು. "ಬೋರವ್ವ ಒಬ್ಬಳೇ ಅಲ್ಲಪ್ಪ. ನಾನೂ ತಗಂಡೀನಿ." ಅವಳ ಹಿಂದೆ ಇನ್ನೂ ನಾಲ್ಕು ಜನ ಎದ್ದರು. ಕೊನೆಗೆ ಪೂಜಾರಪ್ಪ ತಲೆ ಕೆರೆದುಕೊಂಡು, "ನನ್ನ ಆಡಿಗೆ ಅಂತ ನಾನೂ ಎರಡು ಹೊರೆ ಒಯ್ದೀನಿ," ಅಂದರು. ಅಂಥ ಬರದಲ್ಲೂ ಹಟ್ಟಿಗೆ ಹಟ್ಟಿಯೇ ನಕ್ಕಿತು.

"ಕದ್ದಿದ್ದಾಯ್ತು," ಅಂದರು ಪೂಜಾರಪ್ಪ. "ಇನ್ನು ಮನ್ಯಾಗೆ ಬಚ್ಚಿಟ್ಟಿದ್ದು ತಗಂಬರ್ರಿ."

ಬಂತು ನೋಡಿ. ಹೊಟ್ಟು, ಸೊಪ್ಪೆ, ಒಣಗಿದ ಅವರೆ ಬಳ್ಳಿ. ತಿಪ್ಪಮ್ಮನ ಮಗನಿಗೆ ಮಿಲ್ಲಿನವರು ಕೊನೆಯ ಕೂಲಿಗೆ ಬದಲು ಕೊಟ್ಟಿದ್ದ ಶೇಂಗಾ ಹಿಂಡಿಯೂ ಗುಡಾಣದಿಂದ ಹೊರಬಿತ್ತು. ಅದನ್ನೇ ನೆನೆಸಿ ಎತ್ತಿಗೆ ಕುಡಿಸಿದೆವು. ಮೂರನೆಯ ದಿನ ಎತ್ತು ಎದ್ದು ನಿಂತಿತು. ಅಂದಿನಿಂದ ದೇವರ ದನಕ್ಕೂ ಮನೆ ದನಕ್ಕೂ ಒಂದೇ ರಾಶಿ ಮೇವು, ಮನೆ ಹಸುಗಳು ಕೊಟ್ಟ ಹಾಲು ಮೊದಲು ಕೂಸಿದ್ದ ಮನೆಗೆ. ಮಳೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟೂ ದಿನವನ್ನು ಹಾಗೇ ತಳ್ಳಿದೆವು, ಒಂದು ಜೀವವೂ ಹೋಗಲಿಲ್ಲ. ಮೊಮ್ಮಗಳು ಈಗ ಒಂದನೇ ತರಗತಿ, ಬಾಯಿ ನನ್ನದಕ್ಕಿಂತ ಜೋರು.

ಎತ್ತು ಎದ್ದ ದಿನ ಅಣ್ಣನಿಗೆ ಮುದ್ದೆ ಒಯ್ದಿದ್ದೆ. "ಎತ್ತು ಎದ್ದೈತಲ್ಲ, ಇನ್ನಾದ್ರೂ ಉಣ್ಣು," ಅಂದೆ.

"ಎತ್ತಿಗೋಸ್ಕರ ಅಲ್ಲ ಬೋರಿ ನಾನು ಊಟ ಬಿಟ್ಟಿದ್ದು," ಅಂದ. "ಕೂಸನ್ನ ನೋಡಿದ್ದೆ, ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ದಿನಾ ಮುಳ್ಳು ಸರಿಸಿ, ಒಂದು ಕಟ್ಟು ಬಿಚ್ಚಿಟ್ಟು ಹೋಗ್ತಿದ್ದೆ. ಕಾಯೋನೇ ಕದ್ದಂಗಾಯ್ತಲ್ಲ."

ಆ ಬೇಲಿ ಸರಿಸಿದ್ದು ಸ್ವಾಮಿ ಅಂತ ನಾನು ಅಂದುಕೊಂಡಿದ್ದೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ.