ಮಂದೆಯ ನಡುವೆ ನಡೆಯುವ ಕುರಿ

ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದಾಗ ಈರಬಸಪ್ಪ ಕುರಿಗಳ ಕಾಲು ನೋಡುವುದಿಲ್ಲ. ಊರುಗೋಲನ್ನು ಕಂಕುಳಿಗೆ ಕೊಟ್ಟು ನೀರಿನ ತೊಟ್ಟಿಯ ಪಕ್ಕ ನಿಂತು, ಯಾವುದು ನಡುವೆ ಬರುತ್ತಿದೆ ಎಂದು ನೋಡುತ್ತಾರೆ. ನೋವಿರುವ ಕುರಿ ಕೈಲಾಗುವವರೆಗೂ ಹಿಂದೆ ಉಳಿಯುವುದಿಲ್ಲ. ಹಿಂದೆ ಉಳಿದದ್ದು ತೋಳದ ಪಾಲು. ಅದು ಎರಡು ಕುರಿಗಳ ಪಕ್ಕೆಗಳ ನಡುವೆ ತೂರಿಕೊಂಡು, ಅವುಗಳಿಗೆ ಮೈ ಆನಿಸಿ ನಡೆಯುತ್ತದೆ. ಹರಿಯಬ್ಬೆಯ ಕುರಿಗಾರರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲವು ದಿನಗಳಿಂದ ಚುಕ್ಕಿ ನಡುವೆ ಬರುತ್ತಿದೆ.

ಚುಕ್ಕಿ ಎಂಬುದು ಈರಬಸಪ್ಪ ಇಟ್ಟ ಹೆಸರು. ಚಿತ್ರದುರ್ಗದ ಹೊರಗೆ, ಗಾಳಿಯಂತ್ರಗಳ ಗುಡ್ಡದ ಕೆಳಗಿರುವ ಈ ಮೂಳೆ ಸಂಶೋಧನಾ ಕೇಂದ್ರದಲ್ಲಿ ಕುರಿಗಳಿಗೆ ಇರುವುದು ಕಿವಿಯ ಬಿಲ್ಲೆಯ ನಂಬರು ಮಾತ್ರ. ಪ್ರತಿ ಕುರಿಯ ಒಂದು ಹಿಂಗಾಲಿನಲ್ಲಿ ಮೂಳೆಯ ತುಂಡು ತೆಗೆದು, ಆ ಜಾಗಕ್ಕೆ ಕಣಕದಂಥ ಬಿಳಿ ವಸ್ತು ತುಂಬಿ, ಮೇಲೆ ಲೋಹದ ಪಟ್ಟಿ ಕೂರಿಸಿದ್ದಾರೆ. ಆ ವಸ್ತು ನಿಧಾನವಾಗಿ ಕರಗಬೇಕು, ಅದು ಬಿಟ್ಟ ಜಾಗದಲ್ಲಿ ಕುರಿಯದೇ ಮೂಳೆ ಬೆಳೆಯಬೇಕು. ಹಿಂದಿನ ತಂಡದ ಕುರಿಗಳಲ್ಲಿ ಹಾಗೇ ಆಯಿತು. ಮನುಷ್ಯರ ಮೇಲೆ ಪರೀಕ್ಷಿಸಲು ಅನುಮತಿಯೂ ಸಿಕ್ಕಿತು. ಈಗಿನ ಕುರಿಗಳನ್ನು ಸಾಕುತ್ತಿರುವುದು ಬಹುಕಾಲದ ಮೇಲೆ ಆ ಮೂಳೆ ಏನಾಗುತ್ತದೆ ಎಂದು ತಿಳಿಯಲು.

ಮನುಷ್ಯರಲ್ಲಿ ಮೊದಲ ಸರದಿ ಈರಬಸಪ್ಪನವರದು.

ಹಿರಿಯೂರಿನ ಹತ್ತಿರ ಹೆದ್ದಾರಿ ದಾಟುವಾಗ ಅವರ ಮಂದೆಯೊಳಗೆ ಲಾರಿ ನುಗ್ಗಿತ್ತು. ಸತ್ತ ಕುರಿಗಳ ನಡುವೆ ಬಿದ್ದಿದ್ದ ಅವರ ಎಡಗಾಲು ಮೊಣಕಾಲಿನ ಕೆಳಗೆ ನುಚ್ಚಾಗಿತ್ತು. ಎರಡು ಶಸ್ತ್ರಚಿಕಿತ್ಸೆಯಾದರೂ ಮೂಳೆ ಕೂಡಲಿಲ್ಲ. ಕೀವು ಹಿಡಿದ ಭಾಗವನ್ನು ತೆಗೆದ ಮೇಲೆ ಒಳಗೆ ಬೆರಳುದ್ದದ ಖಾಲಿ ಜಾಗ ಉಳಿಯಿತು. ಚಿಕಿತ್ಸೆ ನೀಡಿದ ಮೂಳೆ ಶಸ್ತ್ರವೈದ್ಯೆ ಸಹನಾ, ಹೊಸದುರ್ಗದ ಕೊಬ್ಬರಿ ವ್ಯಾಪಾರಸ್ಥರ ಮಗಳು, ಮುಚ್ಚುಮರೆಯಿಲ್ಲದೆ ಹೇಳಿದ್ದರು: ಈ ಹೊಸ ವಸ್ತುವನ್ನು ತುಂಬಿ ನೋಡಬಹುದು, ಇಲ್ಲವಾದರೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು.

ಕುರಿಗಳ ಸಂಶೋಧನೆಯೂ ಸಹನಾ ಅವರದೇ. ಶಸ್ತ್ರಚಿಕಿತ್ಸೆಯಾದ ಕುರಿಗಳು ಕೇಂದ್ರದವರ ಕೈಯಲ್ಲಿ ಮೇವು ಮುಟ್ಟುತ್ತಿರಲಿಲ್ಲವಾದ್ದರಿಂದ ಕುರಿ ಸಾಕಿ ಗೊತ್ತಿದ್ದ ಈರಬಸಪ್ಪನವರನ್ನು ಅವರೇ ಇಲ್ಲಿಗೆ ಕರೆತಂದರು. ಕೇಂದ್ರದಲ್ಲಿ ಕೆಲಸ ಮಾಡುವವರನ್ನು ಪರೀಕ್ಷೆಗೆ ಸೇರಿಸಿಕೊಳ್ಳಲು ಮೊದಲು ಹಿಂಜರಿದರು. ಆಸ್ಪತ್ರೆಯ ಸಮಿತಿ ಈರಬಸಪ್ಪನವರೊಂದಿಗೆ ಪ್ರತ್ಯೇಕವಾಗಿ ಮಾತಾಡಿ ಒಪ್ಪಿತು.

ಕುರಿಗಳ ಮುಂದಿನ ಎಕ್ಸ್‌ರೇ ಇರುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ದಿನವೂ ನೋಡುವ ಕಣ್ಣು ಈರಬಸಪ್ಪನವರದೊಂದೇ. ಅವರು ಚುಕ್ಕಿಯ ಕಾಲಿನ ಮೇಲೆ ಅಂಗೈ ಇಟ್ಟು ನೋಡಿದ್ದರು. ಒಳಗೆ ಲೋಹದ ಪಟ್ಟಿ ಇರುವ ಕಡೆ ಬಿಸಿ ಇತ್ತು. ಒತ್ತಿದಾಗ ಕುರಿ ಸದ್ದು ಮಾಡದೆ ಹಲ್ಲು ಕಡಿಯಿತು.

ಮಂದೆ ಹೊಡೆದುಕೊಂಡು ಊರೂರು ತಿರುಗುವವರಲ್ಲಿ ಒಂದು ನಂಬಿಕೆಯಿದೆ. ಕುಂಟುವ ಕುರಿಯನ್ನು ಒಂಟಿಯಾಗಿ ಕಟ್ಟಬಾರದು, ನಡುವೆ ಬಿಡಬೇಕು, ಮಂದೆಯೇ ಅದನ್ನು ನಡೆಸಿ ಗುಣ ಮಾಡುತ್ತದೆ. ಮುಳ್ಳು ಚುಚ್ಚಿದ, ಗೊರಸು ಸವೆದ ಎಷ್ಟೋ ಕುರಿಗಳು ಈರಬಸಪ್ಪನವರ ಕಣ್ಣೆದುರೇ ಹಾಗೆ ವಾಸಿಯಾಗಿವೆ. ಕುರಿಗಳು ಒಂಟಿತನಕ್ಕೆ ಸೊರಗುತ್ತಿವೆ ಎಂದು ಹೇಳಿ ಅವರು ಷೆಡ್ಡಿನಲ್ಲಿ ಒಂದೊಂದು ಕುರಿಯನ್ನೂ ಬೇರ್ಪಡಿಸಿದ್ದ ತಡಿಕೆಗಳನ್ನು ತೆಗೆಸಿದರು. ಸಹನಾ ಒಪ್ಪಿದರು. ಮರುದಿನದಿಂದ ಚುಕ್ಕಿ ನಡುವೆ ಸೇರಿಕೊಂಡಿತು, ಕುಂಟಿದ್ದು ಕಾಣಲಿಲ್ಲ.

ಭಾನುವಾರ ಹೆಂಡತಿ ಕಾಳಕ್ಕ ಹರಿಯಬ್ಬೆಯಿಂದ ಬಸ್ಸಿನಲ್ಲಿ ಬಂದರು. ಗುರುವಾರ ಗಂಡನ ಶಸ್ತ್ರಚಿಕಿತ್ಸೆ; ಅವರು ಆಸ್ಪತ್ರೆಯಲ್ಲಿರುವಷ್ಟು ದಿನ ಕುರಿಗಳನ್ನು ಕಾಳಕ್ಕನೇ ನೋಡಿಕೊಳ್ಳುವುದೆಂದು ಮಾತಾಗಿತ್ತು. ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದ ಕಾಳಕ್ಕ, ಒಂದು ಹಿಡಿ ಶೇಂಗಾ ಬಳ್ಳಿ ತೋರಿಸಿ ಚುಕ್ಕಿಯೊಂದನ್ನೇ ಸಿಮೆಂಟಿನ ಅಂಗಳಕ್ಕೆ ಕರೆದರು. ಕುರಿ ಬಂತು. ಮೂರು ಕಾಲಿನಲ್ಲಿ ಬಂತು.

“ಮೇಡಮ್ಮಾರಿಗೆ ಹೇಳಿಲ್ಲೇನು?” ಎಂದು ಕಾಳಕ್ಕ ಕೇಳಿದರು.

“ಮಂದ್ಯಾಗೆ ಚೆನ್ನಾಗಿ ನಡೀತೈತೆ.”

“ಮಂದ್ಯಾಗೆ ಎಲ್ಲವೂ ನಡೀತವೆ. ನಿನ್ ಕಾಲು ನಡಸಾಕೆ ಯಾವ ಮಂದೆ ಐತೆ?”

ಈರಬಸಪ್ಪ ಕುರಿಯ ಕತ್ತಿಗೆ ಕೈಹಾಕಿ ಒಳಕ್ಕೆ ತಳ್ಳಿದರು. “ಹೇಳಿದ್ರೆ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ಕಾಲು ಕಡೀತಾರೆ.”

“ಹೇಳ್ದಿದ್ರೆ ಇದ್ರ ಕಾಲಾಗೆ ಇರಾದನ್ನೇ ನಿನ್ನ ಕಾಲಾಗೆ ತುಂಬ್ತಾರೆ.”

ನಾಳೆ ನೋಡಾಣ ಎಂದಷ್ಟೇ ಈರಬಸಪ್ಪ ಹೇಳಿದರು.

ಮಂಗಳವಾರ ಸಹನಾ ಬಂದಾಗ ಕುರಿಗಳು ಒತ್ತಾಗಿ ನಿಂತು ಮೇಯುತ್ತಿದ್ದವು. ಬೇಲಿಯಾಚೆ ನಿಂತು ಎಂದಿನಂತೆ ವಿಚಾರಿಸಿದರು. “ಏನ್ ಯಜಮಾನ್ರೆ, ಗುರುವಾರಕ್ಕೆ ತಯಾರಾ? ಇವೆಲ್ಲ ನಿಮಗೆ ಸೀನಿಯರ್‌ಗಳು, ಏನಾದ್ರೂ ಕೇಳೋದಿದ್ರೆ ಕೇಳ್ಕಳ್ರಿ.”

“ಅವು ಬಾಯಿ ಬಿಡಲ್ಲ ಮೇಡಮ್ಮಾರೆ.”

ಸಹನಾ ನಕ್ಕರು. ಎಲ್ಲ ಚೆನ್ನಾಗಿವೆಯೇ ಎಂದು ಇನ್ನೊಮ್ಮೆ ಕೇಳಿದರು. ಈರಬಸಪ್ಪ ಕುರಿಗಳ ಕಡೆ ನೋಡಿದರು. ಚುಕ್ಕಿ ನಡುವೆ ಇತ್ತು, ಅದರ ಬೆನ್ನು ಮಾತ್ರ ಕಾಣುತ್ತಿತ್ತು.

“ಚೆನ್ನಾಗವೆ” ಎಂದರು.

ಅವರು ಹೋದ ಮೇಲೆ ಈರಬಸಪ್ಪ ಕಲ್ಲಿನ ಮೇಲೆ ಕುಳಿತು ತಮ್ಮ ಕಾಲಿನ ಕವಚ ಬಿಚ್ಚಿದರು. ಮೂಳೆಯಿಲ್ಲದ ಜಾಗದ ಮೇಲೆ ಅಂಗೈ ಇಟ್ಟರು. ಅಲ್ಲಿ ತಣ್ಣಗಿತ್ತು. ಕೇಂದ್ರದ ಅಡುಗೆಯವರು ಊಟಕ್ಕೆ ಕರೆಯುವವರೆಗೂ ಕೈ ಹಾಗೇ ಇತ್ತು.

ಬುಧವಾರ ಮಧ್ಯಾಹ್ನ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಕಾಲಿನ ರೋಮ ತೆಗೆದು, ಕಂದು ಬಣ್ಣದ ಔಷಧಿ ಬಳಿದು, ಎಲ್ಲಿ ಕೊಯ್ಯಬೇಕೆಂದು ಗೆರೆ ಎಳೆದರು. ಇತ್ತ ಷೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದ ತಡಿಕೆಗಳನ್ನು ಅದೇ ಸಂಜೆ ಕಾಳಕ್ಕ ಒಂದೊಂದಾಗಿ ಎಳೆದು ತಂದರು. ಷೆಡ್ಡಿನ ಕೊನೆಯಲ್ಲಿ, ಬಾಗಿಲಿನಿಂದ ನೇರವಾಗಿ ಕಾಣುವ ಕಡೆ, ಚುಕ್ಕಿಯನ್ನು ಒಂಟಿಯಾಗಿ ನಿಲ್ಲಿಸಿ ಸುತ್ತ ತಡಿಕೆ ಕಟ್ಟಿದರು. ಕುರಿ ಮೂರು ಕಾಲಿನ ಮೇಲೆ ನಿಂತಿತು.

ಗುರುವಾರ ಬೆಳಿಗ್ಗೆ, ಶಸ್ತ್ರಚಿಕಿತ್ಸೆಗೆ ಮುನ್ನ, ಸಹನಾ ಕುರಿಗಳನ್ನು ಒಮ್ಮೆ ನೋಡಿಕೊಂಡೇ ಆಸ್ಪತ್ರೆಗೆ ಹೋಗುವವರಿದ್ದರು.